ತಮಟೆ ಕಲಿಯೋದು ಅಂದರೆ

ಸಂಗೀತ ಕಲಿತವನಿಗೆ ಗುರು ಇದ್ದಾನೆ, ಮನೆತನ ಇದೆ, ಸಾಧನೆ ಎಂಬ ದೊಡ್ಡ ಮಾತಿದೆ. ತಮಟೆ ಕಲಿತವನಿಗೆ? ‘ಅದು ಅವರ ಕುಲಕಸುಬು, ಹುಟ್ತಾನೇ ಬರುತ್ತೆ’ ಅಂತಾರೆ. ಹುಟ್ತಾನೇ ಅಂಟೋದು ಜಾತಿ. ವಿದ್ಯೆಯನ್ನು ಕಲಿಯಬೇಕು.

ಶಿಡ್ಲಘಟ್ಟ ತಾಲ್ಲೂಕು ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ಬಡ ದಲಿತ ಕುಟುಂಬದಲ್ಲಿ ಹುಟ್ಟಿ, 16ನೇ ವಯಸ್ಸಿಗೆ ತಮಟೆ ಹಿಡಿದವರು. ಈ ಪಾಠಕ್ಕೆ ಸ್ಲೇಟಿಲ್ಲ, ಬಳಪವಿಲ್ಲ. ಚರ್ಮ ಹದ ಮಾಡಿ ಬಳೆಗೆ ಬಿಗಿಯಬೇಕು. ಬಾರಿಸೋ ಮುಂಚೆ ಹುಲ್ಲಿನ ಬೆಂಕಿಗೆ ಹಿಡಿಯಬೇಕು. ಕಾವು ಕಮ್ಮಿಯಾದರೆ ದನಿ ಏಳದು, ಹೆಚ್ಚಾದರೆ ಚರ್ಮ ಸೀಳುತ್ತೆ. ಒಂದು ಕೈಗೆ ಗಿಡ್ಡ ದಪ್ಪ ಕೋಲು, ಇನ್ನೊಂದಕ್ಕೆ ಉದ್ದನೆ ತೆಳು ಕಡ್ಡಿ. ಸಾವಿಗೊಂದು ಏಟು, ಮದುವೆಗೊಂದು, ಊರದೇವತೆ ಜಾತ್ರೆಗೊಂದು. ಕೈ ಬಾರಿಸ್ತಿರುವಾಗಲೇ ಕಾಲು ಕುಣಿಯಬೇಕು. ಇಷ್ಟನ್ನೂ ಮೈಯಲ್ಲಿ ಬರೆದುಕೊಂಡವನನ್ನು ಅವಿದ್ಯಾವಂತ ಅಂದವರು ಯಾರು?

ಅಮೆರಿಕದಲ್ಲೂ ಇಂಥ ವಿದ್ಯೆ ಇದೆ. 1864ರಲ್ಲಿ ಸೈನ್ಯ ತಮ್ಮ ನೆಲದಿಂದ ಓಡಿಸಿದ್ದ ನವಾಹೊ ಮೂಲನಿವಾಸಿಗಳಲ್ಲಿ 1946ರಲ್ಲಿ ಹುಟ್ಟಿದ ಆಲಿಸ್ ಕ್ಲಿಂಗ್, ತಾಯಿ ರೋಸ್ ವಿಲಿಯಮ್ಸ್ ಕೈಯಲ್ಲಿ ಮಡಕೆ ಕಲಿತರು; ಆಮೇಲೆ ಉಜ್ಜಿ ಹೊಳಪಿಸುವ ತಮ್ಮದೇ ರೀತಿ ಕಂಡುಕೊಂಡರು. ಅಲ್ಲಿ ಆ ತಾಯಿಯನ್ನು ಗುರು ಅಂತ ಹೆಸರಿಟ್ಟು ಬರೆದಿದ್ದಾರೆ. ನಮ್ಮ ಕೇರಿಗಳಲ್ಲಿ ಕಲಿಸಿದ ತಾತಂದಿರ ಹೆಸರು ಯಾವ ಪುಸ್ತಕದಲ್ಲಿದೆ?

ಕಾರಣ ಗೊತ್ತಿದ್ದದ್ದೇ. ನಮ್ಮಲ್ಲಿ ತಮಟೆ ಬಿಟ್ಟಿ ಚಾಕರಿಯಾಗಿತ್ತು. ಊರಿಗೆ ಸಾರೋಕೆ ಬೇಕು, ಹೆಣದ ಮುಂದೆ ನಡೆಯೋಕೆ ಬೇಕು. ದೇವರ ಮುಂದೆ ಬಾರಿಸಿದವನು ಗುಡಿಯೊಳಕ್ಕೆ ಮಾತ್ರ ಬೇಡ. ಅದಕ್ಕೇ ದಲಿತ ಚಳವಳಿ ಬಂದಾಗ ಎಷ್ಟೋ ಜನ ತಮಟೆ ಕೆಳಗಿಟ್ಟರು. ಅದು ನ್ಯಾಯವಾದ ಸಿಟ್ಟು. ಅದೇ ಚಳವಳಿ ತಮಟೆಯನ್ನು ಮೆರವಣಿಗೆಯ ಮುಂದಕ್ಕೂ ತಂದಿತು. ಹೆಣದ ಮುಂದೆ ಬಾರಿಸಿದ ಕೈ ಹೋರಾಟದ ಹಾಡಿಗೆ ಬಾರಿಸಿತು. ಎರಡೂ ನಮ್ಮ ಚರಿತ್ರೆಯೇ.

ಮುನಿವೆಂಕಟಪ್ಪನವರು ಐದು ದಶಕ ತಮಟೆ ಬಿಡಲಿಲ್ಲ. ಜನ ಅವರನ್ನು ‘ತಮಟೆ ತಾತ’ ಅಂದರು. 2023ರಲ್ಲಿ ಪದ್ಮಶ್ರೀ ಬಂತು. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಹೆಸರು ಒಂದು ಚರ್ಮದ ವಾದ್ಯದಿಂದ ದೆಹಲಿ ಮುಟ್ಟಿತು. ನಮಗೆ ಹೆಮ್ಮೆ. ಆದರೆ ಪದಕ ಬಂದ ದಿನದಿಂದ ತಮಟೆ ಕಲೆಯಾಯ್ತು ಅನ್ನೋರನ್ನು ಕೇಳ್ತೀವಿ: ಅದರ ಹಿಂದಿನ ಐವತ್ತು ವರ್ಷ ಅದೇ ಕೈ, ಅದೇ ಚರ್ಮ ಏನಾಗಿತ್ತು?

ಕೇರಿಯಿಂದ ಮೊದಲು ಡಿಗ್ರಿ ತಂದ ನಮಗೆ ಒಂದು ಕೆಲಸವಿದೆ. ಚಿಂತಾಮಣಿ, ಗೌರಿಬಿದನೂರಿನ ಕೇರಿಗಳಿಗೆ ಹೋಗಿ, ಯಾರಿಂದ ಯಾರು ಕಲಿತರು ಅಂತ ಹೆಸರು ಹಿಡಿದು ಬರೆಯೋದು. ಊರಿಗೂ ಒಂದು ಮಾತು: ಬಾರಿಸುವವನಿಗೆ ಕೂಲಿ ಕೊಡಿ, ಸರಿಸಮ ಕೂರಿಸಿ. ಬಾರಿಸೊಲ್ಲ ಅಂದರೆ, ಅದೂ ಅವನ ಹಕ್ಕು.