ಮೂರು ತಿಂಗಳ ಫೀಸು ಮತ್ತು ಗಿರಗಾಂವ್‌ನ ಒಂದು ಸಂಗೀತ ಶಾಲೆ

ಈ ಸಲದ ಎಪಿಸೋಡ್ ಒಂದು ಹಳೇ ಬಾಕಿಯಿಂದ ಶುರುವಾಗುತ್ತೆ.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಾನು ಹುಬ್ಬಳ್ಳಿಯ ನಮ್ಮ ಓಣಿಯಲ್ಲೇ ಸಂಗೀತದ ಕ್ಲಾಸಿಗೆ ಹೋಗ್ತಿದ್ದೆ. ಕಿರಾಣಿ ಅಂಗಡಿಯ ಮೇಲಿನ ಒಂದೇ ಕೋಣೆ, ಒಂದು ಹಾರ್ಮೋನಿಯಂ, ಒಂದು ಜೋಡಿ ತಬಲಾ, ನೆಲಕ್ಕೆ ಜಮಖಾನೆ. ತಿಂಗಳಿಗೆ ಇನ್ನೂರು ರೂಪಾಯಿ ಫೀಸು. ಅವ್ವ ಕವರಿನಲ್ಲಿಟ್ಟು ಕೊಡ್ತಿದ್ದಳು. ಮೂರು ತಿಂಗಳ ಕವರು ಸರ್ ಕೈಗೆ ಹೋಗ್ಲೇ ಇಲ್ಲ, ಕ್ರಿಕೆಟ್ ಬ್ಯಾಟ್ ಆಯ್ತು. ಆಮೇಲೆ ಮುಖ ತೋರಿಸೋಕೆ ಆಗದೆ ಕ್ಲಾಸನ್ನೇ ಬಿಟ್ಟೆ. ಸರ್ ಮನೆಗೆ ಬಂದು ಕೇಳಲಿಲ್ಲ. ಓಣಿಯಲ್ಲಿ ಎದುರಾದಾಗ, "ಅಭ್ಯಾಸ ನಡೆದೈತೇನಪಾ?" ಅಂದರು, ಅಷ್ಟೇ.

ಮುಂದೆ ನಾನು ಬಿ.ಕಾಂ. ಮಾಡಿದೆ, ಲೆಕ್ಕ ಬರೆಯೋದು ಕಲಿತೆ. ಆಗಿಂದ ಒಂದು ಪ್ರಶ್ನೆ ತಲೇಲಿ ಕೂತುಬಿಟ್ಟಿದೆ. ಸಂಗೀತದ ಮೇಷ್ಟ್ರಿಗೆ ಫೀಸು ಕೇಳೋಕೆ ಅಷ್ಟು ಸಂಕೋಚ ಯಾಕೆ? ನಮಗೆ ಅದನ್ನ ಕೊಡದೇ ಇರೋಕೆ ಅಷ್ಟು ಧೈರ್ಯ ಎಲ್ಲಿಂದ ಬಂತು?

ಉತ್ತರ ಹುಡುಕೋಕೆ ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಯಾರು ಬೇಕಾದ್ರೂ ಬಂದು, ಹೆಸರು ಬರೆಸಿ, ಫೀಸು ಕಟ್ಟಿ, ಟೈಮ್‌ಟೇಬಲ್ ಪ್ರಕಾರ ಹಿಂದೂಸ್ತಾನಿ ಸಂಗೀತ ಕಲಿಯೋದು ನಾವು ಅಂದುಕೊಂಡಷ್ಟು ಹಳೇ ಪದ್ಧತಿ ಏನಲ್ಲ. ಅದಕ್ಕೂ ಮೊದಲು ವಿದ್ಯೆ ಹೆಚ್ಚಾಗಿ ಉಸ್ತಾದರ ಮನೆಯೊಳಗೇ ಇರ್ತಿತ್ತು. ಮಗ, ಅಳಿಯ, ತೀರಾ ನಂಬಿಕೆಯ ಶಿಷ್ಯ, ಇಷ್ಟೇ ಜನಕ್ಕೆ ಸಿಗ್ತಿತ್ತು. ಹೊರಗಿನವನಾದ್ರೆ ವರ್ಷಗಟ್ಟಲೆ ಗುರುವಿನ ಮನೆ ಕೆಲಸ ಮಾಡಬೇಕು. ಅಪರೂಪದ ಚೀಜುಗಳನ್ನ ಅಂದ್ರೆ ಬಂದಿಶ್‌ಗಳನ್ನ ಆಸ್ತಿ ಥರ ಬಚ್ಚಿಡ್ತಿದ್ದರು. ಖರ್ಚು ನಡೀತಿದ್ದದ್ದು ರಾಜರ, ಜಮೀನ್ದಾರರ ದುಡ್ಡಿನಿಂದ. ಬಡೋದೆಯಲ್ಲಿ 1886ರಲ್ಲೇ ಮೌಲಾ ಬಕ್ಷ್ ಅವರ ಗಾಯನ ಶಾಲೆ ಶುರುವಾಗಿತ್ತು ನಿಜ, ಆದರೆ ಅದರ ಹಿಂದೆಯೂ ಮಹಾರಾಜರಿದ್ದರು.

ರಾಜನನ್ನ ನೆಚ್ಚಿಕೊಳ್ಳದೆ ಜನರ ಮುಂದೆ ಬಂದು ನಿಂತವರು ವಿಷ್ಣು ದಿಗಂಬರ ಪಲುಸ್ಕರ್. ಕುರುಂದವಾಡದಲ್ಲಿ 1872ರಲ್ಲಿ ಹುಟ್ಟಿದವರು. ಚಿಕ್ಕವರಿದ್ದಾಗ ಪಟಾಕಿ ಸಿಡಿದು ಕಣ್ಣು ಹಾಳಾಯ್ತು. ಮಿರಜ್‌ನಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರ್ ಅವರ ಹತ್ತಿರ ಕಲಿತು, ಅಲ್ಲಿಂದ ಹೊರಬಿದ್ದು, ಊರೂರು ಸುತ್ತಿ, 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ಸಿಲೆಬಸ್, ಪುಸ್ತಕ, ಪರೀಕ್ಷೆ, ಸರ್ಟಿಫಿಕೇಟ್ ಎಲ್ಲಾ ಇತ್ತು. ಜೊತೆಗೆ 'ಉಪದೇಶಕ' ಅಂತ ಒಂದು ವರ್ಗ ಮಾಡಿ, ಮುಂದೆ ಬೇರೆಯವರಿಗೆ ಕಲಿಸಬಲ್ಲ ಶಿಷ್ಯರನ್ನ ತಯಾರು ಮಾಡಿದರು. ನಮ್ಮ ಓಣಿಯ ಸಂಗೀತ ಮೇಷ್ಟ್ರ ವಂಶಾವಳಿ ಬರೆಯೋಕೆ ಕೂತರೆ, ಅದು ಈ ಉಪದೇಶಕ ವರ್ಗದ ಹತ್ತಿರ ಹೋಗಿ ನಿಲ್ಲುತ್ತೆ.

ಈಗ ಬ್ಯಾಲೆನ್ಸ್ ಶೀಟ್ ನೋಡೋಣ. 1908ರಲ್ಲಿ ಪಲುಸ್ಕರ್ ಮುಂಬೈಗೆ ಬಂದರು. ಶಾಲೆ ಬೆಳೀತು, ಸ್ವಂತ ಕಟ್ಟಡ ಎದ್ದಿತು, ಜೊತೆಗೆ ಸಾಲವೂ ಬೆಳೀತು. ಕಛೇರಿ ಮಾಡಿ ತಂದ ದುಡ್ಡೂ ಸಾಲಲಿಲ್ಲ. 1924ರಲ್ಲಿ ಶಾಲೆಯ ಆಸ್ತಿ ಹರಾಜಾಗಿ ಹೋಯ್ತು. ಸಂಗೀತವನ್ನ ಜನಸಾಮಾನ್ಯರ ಮನೆಗೆ ತಂದ ಮನುಷ್ಯನಿಗೆ ಕೊನೆಗೆ ತನ್ನ ಶಾಲೆಯ ಸೂರೇ ಉಳಿಯಲಿಲ್ಲ.

ಆದರೆ ಕಥೆ ಅಲ್ಲಿಗೆ ಮುಗೀಲಿಲ್ಲ. ಮರುವರ್ಷವೇ, ಅಂದ್ರೆ 1925ರಲ್ಲಿ, ಅದೇ ಮುಂಬೈನಲ್ಲಿ ಅವರ ಶಿಷ್ಯರೊಬ್ಬರು ಸಣ್ಣ ಮಟ್ಟದಲ್ಲಿ ಇನ್ನೊಂದು ಶಾಲೆ ತೆರೆದರು. ಅವರೇ ಬಿ.ಆರ್. ದೇವಧರ್. ಶಾಲೆಯ ಹೆಸರು 'ಸ್ಕೂಲ್ ಆಫ್ ಇಂಡಿಯನ್ ಮ್ಯೂಸಿಕ್'. ಜಾಗ ಗಿರಗಾಂವ್, ಆಪೆರಾ ಹೌಸ್ ಹತ್ತಿರ. ಚಾಳುಗಳು, ನಾಟಕ ಮಂದಿರಗಳು, ಆಫೀಸಿಗೆ ಹೋಗಿಬರೋ ಮಧ್ಯಮ ವರ್ಗದ ಮನೆಗಳು ತುಂಬಿದ ಏರಿಯಾ. ಅರಮನೆ ಇಲ್ಲ, ಆಶ್ರಮ ಇಲ್ಲ. ಅದೊಂದು ಏರಿಯಾದ ಮ್ಯೂಸಿಕ್ ಕ್ಲಾಸ್.

ನನಗೆ ದೇವಧರ್ ಇಷ್ಟವಾಗೋದು ಒಂದು ಕಾರಣಕ್ಕೆ. ಅವರು ತಾನು ಕಲಿತಿದ್ದೇ ಕೊನೆ ಅಂತ ಅಂದುಕೊಳ್ಳಲಿಲ್ಲ. ಪಾಶ್ಚಾತ್ಯ ಸಂಗೀತವನ್ನೂ ಅಭ್ಯಾಸ ಮಾಡಿದರು. ದನಿಯನ್ನ ಹೇಗೆ ಬೆಳೆಸಬೇಕು, ಹೇಗೆ ಕಾಪಾಡಬೇಕು ಅಂತ ತಲೆ ಕೆಡಿಸಿಕೊಂಡರು. ಬೇರೆ ಬೇರೆ ಘರಾಣೆಯ ಉಸ್ತಾದರನ್ನ ಹುಡುಕಿಕೊಂಡು ಹೋಗಿ ಅವರ ಚೀಜುಗಳನ್ನ ಸಂಗ್ರಹಿಸಿದರು. ಸಿಂಧೇ ಖಾನ್ ಅಂತ ಒಬ್ಬರಿದ್ದರು, ಮುಂಬೈ ಬೀದಿಗಳಲ್ಲಿ ಅಲೆಮಾರಿ ಥರ ತಿರುಗುತ್ತಿದ್ದ ಗಾಯಕ. ಜನ ಅವರನ್ನ ಹುಚ್ಚ ಅಂದುಕೊಂಡಿದ್ದರು. ದೇವಧರ್ ಅವರಲ್ಲಿ ವಿದ್ಯೆಯ ಭಂಡಾರ ಕಂಡು, ಅವರಿಂದಲೂ ಕಲಿತರು. ಇಂಥ ಕಲಾವಿದರ ಬಗ್ಗೆ ಮರಾಠಿಯಲ್ಲಿ 'ಥೋರ ಸಂಗೀತಕಾರ' ಅನ್ನೋ ಪುಸ್ತಕವನ್ನೂ ಬರೆದರು. ಹಳೇ ಕಾಲದಲ್ಲಿ ಒಬ್ಬೊಬ್ಬರ ಮನೇಲಿ ಬೀಗ ಹಾಕಿಟ್ಟಿದ್ದ ವಿದ್ಯೆ ಗಿರಗಾಂವ್‌ನ ಕ್ಲಾಸ್‌ರೂಮಿಗೆ ಬಂತು.

ನಮ್ಮ ಕರ್ನಾಟಕ ಈ ಕಥೆಯೊಳಗೆ ಬರೋದು ಇಲ್ಲಿ. ಪಲುಸ್ಕರ್ ಶಾಲೆ ಹರಾಜಾದ ಅದೇ 1924ರಲ್ಲಿ, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಶಿವಪುತ್ರ ಅಂತ ಒಬ್ಬ ಹುಡುಗ ಹುಟ್ಟಿದ. ದೊಡ್ಡ ದೊಡ್ಡ ಗಾಯಕರ ಗ್ರಾಮೋಫೋನ್ ರೆಕಾರ್ಡ್ ಕೇಳಿ, ಅವನ್ನ ಇದ್ದಹಾಗೇ ಹಾಡಿಬಿಡ್ತಿದ್ದ. ಊರೂರಲ್ಲಿ ಕಛೇರಿ, ಚಪ್ಪಾಳೆ, 'ಕುಮಾರ ಗಂಧರ್ವ' ಅನ್ನೋ ಬಿರುದು. ಇವತ್ತಾಗಿದ್ದರೆ ಆ ಹುಡುಗನ ರೀಲ್ಸ್ ನಿಮ್ಮೆಲ್ಲರ ಫೋನಿನಲ್ಲೂ ಇರ್ತಿತ್ತು.

1936ರಲ್ಲಿ, ಅವನಿಗೆ ಹನ್ನೆರಡರ ಆಸುಪಾಸು ಇದ್ದಾಗ, ದೇವಧರ್ ಶಾಲೆಗೆ ಸೇರಿಸಿದರು. ಮೇಷ್ಟ್ರ ಮುಂದಿದ್ದ ಸಮಸ್ಯೆ ಯೋಚನೆ ಮಾಡಿ. ಎಲ್ಲಾ ಬರುತ್ತೆ ಅಂತ ಊರೇ ಒಪ್ಪಿಕೊಂಡಿರೋ ಹುಡುಗನಿಗೆ ಏನು ಕಲಿಸೋದು? ಅನುಕರಣೆ ಅವನಿಗೆ ಆಗಲೇ ಬರ್ತಿತ್ತು. ಹಾಡ್ತಿರೋದು ಏನು, ಯಾಕೆ ಹಾಗೆ ಅನ್ನೋ ತಿಳಿವಳಿಕೆ ಬರಬೇಕಿತ್ತು. ದೇವಧರ್ ಆ ಹುಡುಗನನ್ನ ತನ್ನ ಕಾಪಿ ಮಾಡಲಿಲ್ಲ. ಕುಮಾರ್ ಬೇರೆಯವರ ಹತ್ತಿರ ಕಲಿಯೋಕೂ ಆ ಮನೆಯಲ್ಲಿ ಅಡ್ಡಿ ಇರಲಿಲ್ಲ. ಸಿಂಧೇ ಖಾನ್, ಅಂಜನಿಬಾಯಿ ಮಾಲ್ಪೇಕರ್ ಅಂಥವರಿಂದ ಪಾಠವಾಯ್ತು. ಮುಂದೆ ಅವರೂ ಅದೇ ಶಾಲೆಯಲ್ಲಿ ಮೇಷ್ಟ್ರಾದರು.

ಹನ್ನೊಂದು ವರ್ಷ ಹೀಗೇ ನಡೀತು. 1947ರಲ್ಲಿ ಅದೇ ಶಾಲೆಯ ಭಾನುಮತಿ ಅವರನ್ನ ಮದುವೆಯಾದರು. ಆಮೇಲೆ ಕ್ಷಯ ಬಂತು, ದಂಪತಿ ಮಧ್ಯಪ್ರದೇಶದ ದೇವಾಸ್‌ನಲ್ಲಿ ನೆಲೆಸಿದರು. ಕುಮಾರ್ ವರ್ಷಗಟ್ಟಲೆ ಹಾಡೋ ಹಾಗಿರಲಿಲ್ಲ. ಹಾಸಿಗೆ ಮೇಲೆ ಮಲಗಿ ಮಾಳವಾದ ಜನಪದ ಹಾಡುಗಳನ್ನ ಕಿವಿಗೊಟ್ಟು ಕೇಳಿದರು. 1950ರ ದಶಕದಲ್ಲಿ ಮತ್ತೆ ವೇದಿಕೆಗೆ ಬಂದಾಗ ಅವರ ಗಾಯನ ಯಾವ ಘರಾಣೆಯ ಚೌಕಟ್ಟಿಗೂ ಸಿಗದ ಹಾಗಿತ್ತು. ಅಷ್ಟು ಸ್ವತಂತ್ರವಾದ ಕಿವಿ ಬೆಳೆಯೋಕೆ ಗಿರಗಾಂವ್‌ನ ತೆರೆದ ಬಾಗಿಲಿನ ಕ್ಲಾಸೂ ಒಂದು ಕಾರಣ ಅಂತ ನನ್ನ ಲೆಕ್ಕ.

ಲೆಕ್ಕ ಅಂದೆ ಅಲ್ವಾ? ಇಂಥ ಶಾಲೆಗೆ ಒಬ್ಬ ಕುಮಾರ ಗಂಧರ್ವ ಬಂದ. ಉಳಿದವರು ಯಾರು? ಹೆಸರು ಉಳಿಯದ ಮಕ್ಕಳು, ಗೃಹಿಣಿಯರು, ಕೆಲಸ ಮುಗಿಸಿ ಬರೋ ಗುಮಾಸ್ತರಂಥವರು. ಯಾವುದೇ ಕ್ಲಾಸಿನ ಬಾಡಿಗೆ ಹುಟ್ಟೋದು ಇಂಥವರ ಫೀಸಿನಿಂದ. ಹಿಂದೂಸ್ತಾನಿ ವಲಯದಲ್ಲಿ ಒಂದು ಮಾತಿದೆ: ತಾನ್‌ಸೇನ್ ಆಗದಿದ್ರೂ ಕಾನ್‌ಸೇನ್ ಆಗು. ಕಾನ್ ಅಂದ್ರೆ ಕಿವಿ. ಹಾಡೋಕೆ ಬರದಿದ್ರೂ ಕೇಳೋಕೆ ಬರಬೇಕು. ರಾಜರು ಹೋದ ಮೇಲೆ ಟಿಕೆಟ್ ತಗೊಂಡು ಕಛೇರಿ ತುಂಬಿಸಿದವರು ಈ ಕಾನ್‌ಸೇನ್‌ಗಳು. ಅವರನ್ನ ತಯಾರು ಮಾಡಿದ್ದು ತಿಂಗಳ ಫೀಸಿನ ಮೇಲೆ ಬದುಕಿದ ಮೇಷ್ಟ್ರುಗಳು.

ಆದರೂ ನಮ್ಮ ಮನಸ್ಸು ಹಳೇ ಕಾಲದಲ್ಲೇ ಇದೆ. ವಿದ್ಯೆ ಮಾರಬಾರದು ಅಂತೀವಿ. ಉಸ್ತಾದನ ಹಿಂದೆ ಇದ್ದ ರಾಜ ಈಗಿಲ್ಲ ಅನ್ನೋದನ್ನ ಮರೀತೀವಿ. ಟ್ಯೂಷನ್‌ನಲ್ಲಿ ಮ್ಯಾಥ್ಸ್ ಮೇಷ್ಟ್ರಿಗೆ ಅಡ್ವಾನ್ಸ್ ಕಟ್ಟೋ ನಾವು, ಸಂಗೀತದ ಮೇಷ್ಟ್ರಿಗೆ ಮಾತ್ರ "ಮುಂದಿನ ತಿಂಗಳು ಕೊಡ್ತೀವಿ ಸರ್" ಅಂತೀವಿ.

ಈ ಎಪಿಸೋಡ್ ಬರೆದು ಮುಗಿಸಿದ ಮೇಲೆ ಕಳೆದ ಭಾನುವಾರ ಆ ಕೋಣೆಗೆ ಹೋದೆ. ಜಮಖಾನೆ ಬದಲಾಗಿದೆ. ತಂಬೂರಿ ಈಗ ಮೊಬೈಲ್ ಆ್ಯಪ್‌ನಲ್ಲಿ ನುಡೀತಿದೆ. ಐದು ಮಕ್ಕಳು ಭೂಪ ರಾಗದ ಸರಗಮ್ ಹೇಳ್ತಿದ್ದವು. ಕ್ಲಾಸ್ ಮುಗಿಯೋವರೆಗೂ ಹಿಂದೆ ಕೂತಿದ್ದು, ಆಮೇಲೆ ಕವರು ಮುಂದಿಟ್ಟೆ. "ಸರ್, ಹಳೇ ಬಾಕಿ. ಮೂರು ತಿಂಗಳದ್ದು."

ಬೇಡ ಅಂತಾರೆ, ತಲೆ ಸವರಿ ಕಳಿಸ್ತಾರೆ ಅಂತ ಅಂದುಕೊಂಡಿದ್ದೆ. ಸರ್ ಕವರು ಬಿಚ್ಚಿದರು, ಎಣಿಸಿದರು. ಟ್ರಂಕಿನಿಂದ ರಸೀದಿ ಪುಸ್ತಕ ತೆಗೆದು ನನ್ನ ಹೆಸರು ಬರೆದರು, ಸ್ಪೆಲಿಂಗ್ ಕೇಳದೇನೇ.

"ಹಳೇದು ಚುಕ್ತಾ ಆತು," ಅಂದರು. "ಹೊಸದು ಯಾವತ್ತಿಂದ ಬರ್ತಿ?"

ಬರೋ ತಿಂಗಳ ಒಂದನೇ ತಾರೀಕಿನಿಂದ ಅಂತ ಹೇಳಿ ಬಂದಿದ್ದೀನಿ. ನಿಮ್ಮ ಏರಿಯಾದಲ್ಲೂ ಇಂಥದೊಂದು ಮೇಲಿನ ಕೋಣೆ ಇದ್ದರೆ, ಬಾಕಿ ಏನಾದ್ರೂ ಇದ್ದರೆ, ಒಮ್ಮೆ ಮೆಟ್ಟಿಲು ಹತ್ತಿ ಬನ್ನಿ. ಮುಂದಿನ ವಾರ ಸಿಗೋಣ.