ಅರಿಕೆಯಿಂದ ಹಕ್ಕಿನವರೆಗೆ

ನಮ್ಮ ಪ್ರೌಢಶಾಲೆ ಐವತ್ತು ವರ್ಷ ಪೂರೈಸಿರುವುದು ನಮಗೆಲ್ಲ ಹೆಮ್ಮೆಯ ಸಂಗತಿ. ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದರೂ, ಇಲ್ಲಿನ ಸಮಾಜ ವಿಜ್ಞಾನದ ತರಗತಿಯಲ್ಲಿ ಹುಟ್ಟಿದ ಇತಿಹಾಸದ ಆಸಕ್ತಿ ಹಾಗೇ ಉಳಿದಿದೆ. ಹಳೆಯ ಮೈಸೂರು ಸಂಸ್ಥಾನದ ಜನ ಅರಸನ ಪ್ರಜೆಗಳಾಗಿದ್ದವರು ದೇಶದ ಮತದಾರರಾದ ಕಥೆಯನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ.

1881ರಲ್ಲಿ ಬ್ರಿಟಿಷರು ಆಡಳಿತವನ್ನು ಹತ್ತನೆಯ ಚಾಮರಾಜ ಒಡೆಯರಿಗೆ ಹಿಂದಿರುಗಿಸಿದರು. ಅದೇ ವರ್ಷ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಮೊದಲ ಸಭೆ ಅಕ್ಟೋಬರ್ 7ರಂದು 144 ಸದಸ್ಯರೊಂದಿಗೆ ಸೇರಿತು. ಬಹುಪಾಲು ಸದಸ್ಯರು ಜಮೀನುದಾರರು ಮತ್ತು ವರ್ತಕರು. ದಸರಾ ಹೊತ್ತಿಗೆ ಮೈಸೂರಿಗೆ ಬಂದು, ದಿವಾನರ ವರದಿ ಕೇಳಿ, ತಮ್ಮ ಸೀಮೆಯ ಕಷ್ಟಗಳನ್ನು ಅರಿಕೆ ಮಾಡಿಕೊಳ್ಳುತ್ತಿದ್ದರು. ತೀರ್ಮಾನ ಮಾತ್ರ ಸರ್ಕಾರದ್ದೇ. ನಮ್ಮ ವೃತ್ತಿಯಲ್ಲೂ ಕೆಲವರಿಗೆ ಕಡತ ನೋಡಲು ಅನುಮತಿ ಇರುತ್ತದೆ, ತಿದ್ದಲು ಇರುವುದಿಲ್ಲ. ಅವರ ಸ್ಥಿತಿಯೂ ಹಾಗೇ ಇತ್ತು.

ಆದರೂ ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. 1891ರಲ್ಲಿ ಚುನಾವಣೆ ಬಂತು. ಆಸ್ತಿ ಅಥವಾ ವಿದ್ಯೆ ಇದ್ದವರಿಗೆ ಮಾತ್ರ ಮತ. 1907ರಲ್ಲಿ ನ್ಯಾಯವಿಧಾಯಕ ಸಭೆ ಸ್ಥಾಪನೆಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ 1923ರ ಕಾಯಿದೆ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಬಲ ನೀಡಿತು. ಆ ಹೊತ್ತಿಗೆ ಅರ್ಹ ಹೆಣ್ಣುಮಕ್ಕಳಿಗೂ ಮತದ ಬಾಗಿಲು ತೆರೆಯಿತು. ಅರಸರು ಉದಾರಿಗಳು, ನಿಜ. ಆದರೆ ಕೃಪೆಯಿಂದ ಬಂದದ್ದು ಕೃಪೆ ತಪ್ಪಿದರೆ ಹೋಗಬಹುದು.

ಜನ ಇದನ್ನು ಅರಿತಿದ್ದರು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧ ಮೀರಿ ಧ್ವಜ ಹಾರಿಸಿದರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಪ್ರಾಣ ತೆತ್ತರು. 1947ರ ಆಗಸ್ಟ್‌ನಲ್ಲಿ ದೇಶ ಸ್ವತಂತ್ರವಾದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆಯಿತು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ನೇತೃತ್ವದ ಸರ್ಕಾರ ಬಂತು.

1950ರ ಜನವರಿ 26ರಂದು ಸಂವಿಧಾನ ಜಾರಿಯಾಯಿತು. 21 ವರ್ಷ ತುಂಬಿದವರಿಗೆಲ್ಲ ಜಾತಿ, ಆಸ್ತಿ, ಓದು ನೋಡದೆ ಮತ ದೊರೆಯಿತು. 1989ರಲ್ಲಿ ವಯಸ್ಸು 18ಕ್ಕೆ ಇಳಿಯಿತು. 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಮೂಲಭೂತ ಹಕ್ಕಿಗೆ ಧಕ್ಕೆಯಾದರೆ 32ನೆಯ ವಿಧಿಯಂತೆ ಸಾಮಾನ್ಯನೂ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದು.

ಇಷ್ಟಾದರೂ ಪಹಣಿಗೋ ಪಿಂಚಣಿಗೋ ಕಚೇರಿಗೆ ಹೋದಾಗ ನಾವು ಇಂದಿಗೂ ಕೈಮುಗಿದು, ‘ಸ್ವಾಮಿ, ಹೇಗಾದರೂ ಮಾಡಿಕೊಡಿ’ ಎನ್ನುತ್ತೇವೆ. ಅದು 1881ರ ಅರಿಕೆಯ ದನಿ. ಈಗ 2005ರ ಮಾಹಿತಿ ಹಕ್ಕು ಕಾಯಿದೆ ಇದೆ, 2011ರ ಸಕಾಲ ಕಾಯಿದೆ ಇದೆ, ಊರಿನಲ್ಲೇ ಗ್ರಾಮಸಭೆ ಇದೆ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯೋಣ. ಗ್ರಾಮಸಭೆಯಲ್ಲಿ ಕೂತು ಲೆಕ್ಕ ಕೇಳೋಣ. ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಚೀಟಿ ಹಾಕಿ ಬೆಳೆದ ನಾವು ತಮ್ಮಂದಿರಿಗೂ ತಂಗಿಯರಿಗೂ ಇಷ್ಟು ಕಲಿಸಿದರೆ ಶಾಲೆಯ ಋಣ ಸ್ವಲ್ಪವಾದರೂ ತೀರೀತು.