ಮೊದಲ ಪಾಪನಿವೇದನೆ
ಕಥೋಲಿಕ ಕ್ರೈಸ್ತರಲ್ಲಿ ಮೊದಲ ಪರಮಪ್ರಸಾದಕ್ಕೆ ಮುನ್ನ ಮಕ್ಕಳು ಗುರುವಿನ ಬಳಿ ಪಾಪನಿವೇದನೆ ಮಾಡಬೇಕು. ಪೋಪ್ ಹತ್ತನೇ ಪಯಸ್ ಅವರ ಕಾಲದ 1910ರ ಆದೇಶವು ಇದಕ್ಕೆ ವಿವೇಕ ಮೂಡುವ ವಯಸ್ಸನ್ನು, ಅಂದರೆ ಸುಮಾರು 7 ವರ್ಷವನ್ನು, ನಿಗದಿಪಡಿಸಿತು. ಹತ್ತು ಆಜ್ಞೆಗಳ ಬೆಳಕಿನಲ್ಲಿ ಆತ್ಮಶೋಧನೆ, ಬಳಿಕ ಪಶ್ಚಾತ್ತಾಪ, ಇವೇ ಸಿದ್ಧತೆ.

ತೊಡಕಿರುವುದು ಮಾರಕ ಪಾಪದ ವಿಷಯದಲ್ಲಿ. ಕೃತ್ಯ ಗಂಭೀರವಾಗಿರಬೇಕು, ಅದರ ಪೂರ್ಣ ಅರಿವಿರಬೇಕು, ಮನಃಪೂರ್ವಕ ಸಮ್ಮತಿಯೂ ಇರಬೇಕು. ಮೂರರಲ್ಲಿ ಒಂದಿಲ್ಲದಿದ್ದರೂ ಪಾಪ ಮಾರಕವೆನಿಸದು. ಡಬ್ಬಿಯಿಂದ ಸಕ್ಕರೆ ಕದ್ದ ಮಗು ನರಕಕ್ಕೆ ಅಂಜಬೇಕಿಲ್ಲ! ಮಾರಕ ಪಾಪಗಳನ್ನಷ್ಟೇ ಬಗೆ, ಎಣಿಕೆ ಸಹಿತ ಹೇಳುವುದು ಕಡ್ಡಾಯ. ಮರೆತದ್ದನ್ನು ಮುಂದಿನ ಸಲ ಹೇಳಿದರಾಯಿತು. ಬೇಕೆಂದೇ ಮುಚ್ಚಿಟ್ಟರೆ ಮಾತ್ರ ನಿವೇದನೆಯೇ ಅಸಿಂಧು. ಕೇಳಿಸಿಕೊಂಡ ಗುರುವು ಪ್ರಾಣ ಹೋದರೂ ಅದನ್ನು ಯಾರಿಗೂ ತಿಳಿಸುವಂತಿಲ್ಲ.